ಬಾಯಂಚಿನ ಬಿದಿಗೆ ಚಂದ್ರ: ಬೆಳ್ಳಿಗಾಜಿನ ಒಂದು ಪಾನಪಾತ್ರೆಯ ಪ್ರಕರಣ

ಕಾಗದ ಬಿಚ್ಚಿ ಪಾತ್ರೆಯನ್ನು ಎತ್ತಿದಾಗ ಒಳಗೆಲ್ಲೋ ನೀರು ಕುಲುಕಿದ ಸದ್ದು ಬಂತು. ಬಟ್ಟಲನ್ನು ನೋಡಿದರೆ ಖಾಲಿ. ನೀರು ಇದ್ದದ್ದು ಗಾಜಿನ ಎರಡು ಗೋಡೆಗಳ ನಡುವೆ, ಗಾಳಿಯೂ ಸುಳಿಯಬಾರದೆಂದು ತಯಾರಕರು ಮುಚ್ಚಿ ಕಳುಹಿಸಿದ್ದ ಜಾಗದಲ್ಲಿ.

ಸುಮಾರು 18 ಸೆಂಟಿಮೀಟರ್ ಎತ್ತರದ ಪಾನಪಾತ್ರೆ ಅದು. ಅಗಲವಾದ ಪಾದ, ನಡುವೆ ಗಂಟಿರುವ ದಂಟು, ಮೇಲೆ ಗಂಟೆಯನ್ನು ತಿರುಗಿಸಿಟ್ಟಂತಹ ಬಟ್ಟಲು. ಹೊರಗೆಲ್ಲ ಬೆಳ್ಳಿಯ ಹೊಳಪು, ಬಟ್ಟಲಿನ ಒಳಗೆ ಬಂಗಾರದ ಬಣ್ಣ. ಹೊರಮೈಯಲ್ಲಿ ಬಿಳಿ ಬಣ್ಣದಿಂದ ಬರೆದ ಎಲೆ ಹೂಗಳ ಸಾಲು ಒಂದು ಕಾಲದಲ್ಲಿ ಸುತ್ತಲೂ ಇದ್ದಿರಬೇಕು, ಈಗ ಅಲ್ಲಲ್ಲಿ ತೊಟ್ಟು ಮಾತ್ರ ಉಳಿದಿತ್ತು. ಅದರ ಒಡತಿ ಮೂರು ವಿಷಯ ಹೇಳಿ ಹೋಗಿದ್ದರು. ಇದರಲ್ಲಿ ಪಾದರಸ ಇದೆಯಂತೆ, ಮನೆಯಲ್ಲಿ ಮಕ್ಕಳಿದ್ದಾರೆ, ಅಪಾಯವೇ? ಮಾರಿದವರು ಇದು 1851ರ ಲಂಡನ್ನಿನದು ಎಂದಿದ್ದಾರೆ, ನಿಜವೇ? ಕಪ್ಪಾದ ಕಡೆ ಹೊಸದಾಗಿ ಕಲಾಯಿ ಹಾಕಿ ಮೊದಲಿನಂತೆ ಮಾಡಿಕೊಡಲು ಆಗುತ್ತದೆಯೇ?

ಮೂರಕ್ಕೂ ಕೊನೆಗೆ ನನ್ನ ಉತ್ತರ ‘ಇಲ್ಲ’ ಎಂದೇ ಆಯಿತು. ಆದರೆ ಪ್ರಕರಣದ ಸ್ವಾರಸ್ಯ ಇರುವುದು ಅವರು ಕೇಳದೇ ಬಿಟ್ಟ ನಾಲ್ಕನೆಯ ಪ್ರಶ್ನೆಯಲ್ಲಿ: ನೀರು ಒಳಗೆ ಹೋದದ್ದು ಹೇಗೆ?

ಈ ಬಗೆಯ ಗಾಜಿನ ಹುಟ್ಟನ್ನು ತಿಳಿಯದೆ ಅದರ ಕಾಯಿಲೆ ಅರ್ಥವಾಗುವುದಿಲ್ಲ. ಕುಶಲಕರ್ಮಿ ಊದುಗೊಳವೆಯ ತುದಿಯಲ್ಲಿ ಕಾದ ಗಾಜಿನ ಗುಳ್ಳೆಯೊಂದನ್ನು ಊದುತ್ತಾನೆ. ಗಾಜು ಮೆತ್ತಗಿರುವಾಗಲೇ ಗುಳ್ಳೆಯ ಮುಂದಿನ ಭಾಗವನ್ನು ಒಳಕ್ಕೆ ಒತ್ತುತ್ತಾನೆ, ಇಲ್ಲವೇ ಕೊಳವೆಯ ಮೂಲಕ ಉಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಗಾಳಿ ಇಳಿದ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಟ್ಟಲಾಗುವುದಿಲ್ಲವೇ, ಹಾಗೆ. ಒಳಗೋಡೆ, ಹೊರಗೋಡೆ ಎರಡೂ ಒಂದೇ ಗುಳ್ಳೆಯವು. ಬಾಯಂಚಿನಲ್ಲಿ ಬೆಸುಗೆ ಇಲ್ಲ, ಗಾಜು ಅಲ್ಲಿ ಮಡಚಿಕೊಂಡಿದೆ ಅಷ್ಟೆ. ಕೊಳವೆಯಿಂದ ಕಳಚಿದ ಕಡೆ, ಅಂದರೆ ಪಾದದ ಅಡಿಯಲ್ಲಿ, ಒಂದು ತೂತು ಉಳಿಯುತ್ತದೆ. ಬೆಳ್ಳಿಯ ದ್ರಾವಣ ಒಳಹೋಗುವುದು ಈ ತೂತಿನಿಂದ, ಉಳಿದ ದ್ರಾವಣ ಹೊರಬರುವುದೂ ಇದರಿಂದಲೇ. ಕೊನೆಗೆ ಅದಕ್ಕೊಂದು ಬಿರಡೆ. ಕಾರ್ಕು, ಅರಗು, ಗಾಜಿನ ಚೂರು, ಲೋಹದ ಬಿಲ್ಲೆ, ಒಬ್ಬೊಬ್ಬರದು ಒಂದೊಂದು ರೀತಿ.

ಗ್ರಾಹಕರಿಗೆ ಕೊಟ್ಟ ಭರವಸೆ ನಿಂತಿದ್ದೂ ಆ ಬಿರಡೆಯ ಮೇಲೆಯೇ. ಬೆಳ್ಳಿ ಸಾಮಾನನ್ನು ಉಜ್ಜುತ್ತಲೇ ಇರಬೇಕು. ಗಾಜಿನೊಳಗೆ ಕೂಡಿಟ್ಟ ಬೆಳ್ಳಿಗೆ ಗಾಳಿ ತಾಗುವುದಿಲ್ಲ, ಆದ್ದರಿಂದ ಉಜ್ಜುವ ಕೆಲಸವೇ ಇಲ್ಲ. ಬೆಲೆಯೂ ಕಡಿಮೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಬಾವರ್ನ್‌ಸಿಲ್ಬರ್’, ರೈತನ ಬೆಳ್ಳಿ ಎಂಬ ಹೆಸರಿದೆ. ಹೆಸರಿನಲ್ಲಿ ತುಸು ವ್ಯಂಗ್ಯವಿದ್ದರೂ ವಸ್ತುವಿನ ಅಂದಕ್ಕೆ ಅದರಿಂದ ಕುಂದೇನೂ ಇಲ್ಲ. ಬೆಳ್ಳಿಯ ಹೊಳಪು ಗಾಜಿನ ದಪ್ಪವನ್ನು ದಾಟಿ ಬರುವುದರಿಂದ ಅದರಲ್ಲೊಂದು ಆಳ ಕಾಣುತ್ತದೆ, ಗಟ್ಟಿ ಬೆಳ್ಳಿಗೆ ಆ ಆಳವಿಲ್ಲ.

ಪಾದರಸದ ವಿಚಾರವನ್ನು ಮೊದಲು ಇತ್ಯರ್ಥ ಮಾಡಬೇಕಿತ್ತು. ಇಂಗ್ಲಿಷಿನಲ್ಲಿ ಈ ಗಾಜಿಗೆ ‘ಮರ್ಕ್ಯುರಿ ಗ್ಲಾಸ್’ ಎಂಬ ಹೆಸರು ಅಂಟಿಕೊಂಡಿದೆ, ಗೊಂದಲವೆಲ್ಲ ಅಲ್ಲಿಂದಲೇ. ಹಳೆಯ ಕನ್ನಡಿಗಳಲ್ಲಿ ಪಾದರಸ ಇತ್ತು ಎಂಬುದು ನಿಜ. ತವರದ ತೆಳು ಹಾಳೆಯ ಮೇಲೆ ಪಾದರಸ ಹರಡಿ, ಅದರ ಮೇಲೆ ಗಾಜನ್ನು ಜಾರಿಸಿ, ದಿನಗಟ್ಟಲೆ ಭಾರ ಹೇರಿ ಇಡುತ್ತಿದ್ದರು. ಆ ಆವಿ ಕುಡಿದು ನಡುಕ ಹತ್ತಿದ ಕೆಲಸಗಾರರ ಕತೆ ದೊಡ್ಡದು. ಆದರೆ ಹಾಳೆಯನ್ನು ಚಪ್ಪಟೆ ಗಾಜಿಗೆ ಒತ್ತಬಹುದೇ ಹೊರತು ತೂತೊಂದೇ ಇರುವ ಪಾತ್ರೆಯ ಹೊಟ್ಟೆಯೊಳಗೆ ಒತ್ತಲಾಗದು. ಬಿಸ್ಮತ್, ಸೀಸ, ತವರಗಳನ್ನು ಪಾದರಸದೊಂದಿಗೆ ಬೆರೆಸಿ ಟೊಳ್ಳು ಗೋಳಗಳ ಒಳಗೆ ಸುತ್ತಾಡಿಸುವ ಪದ್ಧತಿಯೂ ಇತ್ತು. ಆದ್ದರಿಂದ ಹಳೆಯ ಅಲಂಕಾರದ ಗೋಳ ಬಂದರೆ ನಾನು ಇಂದಿಗೂ ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ. ಪಾದರಸದ ಲೇಪ ನೀಲಿ ಛಾಯೆಯ ಬೂದು, ಬೆಳ್ಳಿಯದು ತುಸು ಬೆಚ್ಚನೆಯ ಬಿಳುಪು. ಪಕ್ಕಪಕ್ಕದಲ್ಲಿ ಇಟ್ಟರೆ ಕಣ್ಣಿಗೇ ತಿಳಿಯುತ್ತದೆ, ಒಂದನ್ನೇ ನೋಡಿದರೆ ಮೋಸ ಹೋಗಬಹುದು.

ಕಣ್ಣನ್ನು ನಂಬಿ ಕೂರಲಿಲ್ಲ. ಆವಿ ಹೀರುವ ಗೂಡಿನೊಳಗೆ ಪಾತ್ರೆಯನ್ನು ಇಟ್ಟು ಬಿರಡೆ ತೆಗೆದೆ. ಹೊರಗೆ ಬಂದ ನೀರಿನಲ್ಲಿ ಅಭ್ರಕದ ಪುಡಿಯಂತೆ ಹೊಳೆಯುವ ಚಕ್ಕೆಗಳಿದ್ದವು. ನಾಲ್ಕೈದು ಚಕ್ಕೆಗಳನ್ನು ನೈಟ್ರಿಕ್ ಆಮ್ಲದ ಹನಿಯಲ್ಲಿ ಕರಗಿಸಿ, ಒಂದು ಹನಿ ಉಪ್ಪುನೀರು ಬಿಟ್ಟೆ. ಹಾಲು ಒಡೆದಂತೆ ಬೆಳ್ಳಗೆ ಗರಣೆ ಕಟ್ಟಿತು. ಅದರ ಮೇಲೆ ಅಮೋನಿಯಾ ಬಿದ್ದದ್ದೇ ಗರಣೆ ಕರಗಿ ತಿಳಿಯಾಯಿತು. ಸೀಸವಾಗಿದ್ದರೆ ಕರಗದೆ ನಿಲ್ಲುತ್ತಿತ್ತು. ಪಾದರಸವಾಗಿದ್ದರೆ ಒಂದೋ ಗರಣೆಯೇ ಕಟ್ಟುತ್ತಿರಲಿಲ್ಲ, ಇಲ್ಲವೇ ಅಮೋನಿಯಾ ತಾಗಿದೊಡನೆ ಕಪ್ಪಾಗುತ್ತಿತ್ತು. ಇದು ಬೆಳ್ಳಿ. ಕಾಲೇಜಿನ ಪ್ರಯೋಗಾಲಯದಲ್ಲಿ ಅಂಕಕ್ಕಾಗಿ ಕಲಿತ ಪರೀಕ್ಷೆ ಹೊಟ್ಟೆಪಾಡಿಗೆ ಒದಗಿದ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಇನ್ನು ಲಂಡನ್ನಿನ ಮಾತು. ಮಾರಿದವರು 1851 ಎಂದದ್ದು ಪೂರ್ತಿ ಗಾಳಿಯಲ್ಲಿ ಹಾರಿಸಿದ ವರ್ಷವಲ್ಲ. ಬೆಳ್ಳಿಯ ಲವಣಕ್ಕೆ ಆಲ್ಡಿಹೈಡ್ ಎಂಬ ಸಾವಯವ ಸಂಯುಕ್ತ ಸೇರಿಸಿದಾಗ ಗಾಜಿನ ಗೋಡೆಗೆ ಬೆಳ್ಳಿ ಕನ್ನಡಿಯಂತೆ ಅಂಟುವುದನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗಮನಿಸಿದ್ದ. 1843ರಲ್ಲಿ ಥಾಮಸ್ ಡ್ರೇಟನ್ ಇಂಗ್ಲೆಂಡಿನಲ್ಲಿ ಇದನ್ನೇ ವ್ಯಾಪಾರಕ್ಕೆ ತರಲು ಪೇಟೆಂಟ್ ಪಡೆದ. ಅವನು ಬಳಸಿದ್ದು ಲವಂಗದ ಎಣ್ಣೆ ಮತ್ತು ದಾಲ್ಚಿನ್ನಿಯ ಜಾತಿಯ ಕ್ಯಾಸಿಯಾದ ಎಣ್ಣೆ. ಕನ್ನಡಿ ಬಂತು, ಆದರೆ ಕ್ರಮೇಣ ಅದರ ಮೇಲೆ ಕಂದು ಚುಕ್ಕೆಗಳೂ ಬಂದವು. 1849ರ ಡಿಸೆಂಬರಿನಲ್ಲಿ ಎಡ್ವರ್ಡ್ ವಾರ್ನಿಶ್ ಮತ್ತು ಫ್ರೆಡರಿಕ್ ಹೇಲ್ ಥಾಮ್ಸನ್ ಎಂಬಿಬ್ಬರು ಜೋಡಿ ಗೋಡೆಯ ಪಾತ್ರೆಗೆ ಒಳಗಿನಿಂದ ಬೆಳ್ಳಿ ಕಟ್ಟುವ ಪೇಟೆಂಟ್ ಪಡೆದರು. 1851ರಲ್ಲಿ ಹೈಡ್ ಪಾರ್ಕಿನ ಸ್ಫಟಿಕ ಭವನದಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಅವರ ಸಾಮಾನು ಜನರ ಕಣ್ಣು ಕುಕ್ಕಿತು. ಪಾರದರ್ಶಕ ಗಾಜಿನ ಮೇಲೆ ಹಸಿರು, ನೀಲಿ ಅಥವಾ ಕೆಂಪು ಗಾಜಿನ ಪದರ ಹೊದಿಸಿ, ಆ ಬಣ್ಣವನ್ನು ಚಕ್ರದಿಂದ ಕೊರೆದು ತೆಗೆದಾಗ ಕೆಳಗಿನ ಬೆಳ್ಳಿ ಕಿಟಕಿಯಲ್ಲಿ ಕಂಡಂತೆ ಕಾಣುತ್ತಿತ್ತು. ಪಾದದ ಅಡಿಯ ಬಿಲ್ಲೆಯಲ್ಲಿ ಅವರ ಹೆಸರು, ಪೇಟೆಂಟ್, ಲಂಡನ್ ಎಂಬ ಮುದ್ರೆ. ಇಷ್ಟು ಸದ್ದು ಮಾಡಿದ ಉದ್ಯಮ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ಪೇಟೆಂಟನ್ನು ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆಯವರು 1840ರಲ್ಲೇ ಪಡೆದಿದ್ದರು. ಬಿದ್ದರೂ ಒಡೆಯದ ಅಗ್ಗದ ಬೆಳ್ಳಿ ಸಾಮಾನು ಪಕ್ಕದಲ್ಲೇ ಸಿಗುತ್ತಿದ್ದಾಗ ಒಡೆಯುವ ಬೆಳ್ಳಿಯನ್ನು ಎಷ್ಟು ಜನ ಕೊಂಡಾರು ಎಂಬುದು ನನ್ನ ಊಹೆ.

ನಮ್ಮ ಪಾತ್ರೆ ಆ ಕುಲದ್ದಲ್ಲ. ಮುದ್ರೆಯ ಬಿಲ್ಲೆ ಕಳಚಿ ಹೋಗಿರಬಹುದಲ್ಲವೇ ಎಂದು ಒಡತಿ ಕೇಳಿದರು. ನ್ಯಾಯವಾದ ಪ್ರಶ್ನೆ, ಆದರೆ ಬಿಲ್ಲೆ ಕಳಚಬಹುದು, ಗಾಜು ಬದಲಾಗುವುದಿಲ್ಲ. ಲಂಡನ್ನಿನ ಸಾಮಾನು ದಪ್ಪ ಗೋಡೆಯ, ಸೀಸ ಬೆರೆತ ಭಾರದ ಗಾಜು. ಇದು ತೆಳು, ಹಗುರ. ಕಿರು ತರಂಗದ ನೇರಳಾತೀತ ದೀಪ ಹಿಡಿದರೆ ಸೀಸದ ಗಾಜು ಮಂಜುಗಡ್ಡೆಯ ನೀಲಿಯಲ್ಲಿ ಮಿನುಗಬೇಕು. ಇದು ಮಿನುಗಲಿಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿಯೂ 1850ರ ದಶಕದಲ್ಲಿ ಬೆಳ್ಳಿಗಾಜು ಮಾಡುತ್ತಿತ್ತು. ಬೆಳ್ಳಿ ಕಟ್ಟಿದ ಗಾಜಿನ ಬಾಗಿಲ ಹಿಡಿಕೆಗೆ ವಿಲಿಯಂ ಲೇಟನ್ 1855ರ ಜನವರಿಯಲ್ಲಿ ಪೇಟೆಂಟ್ ಪಡೆದದ್ದು ಅಲ್ಲಿಂದಲೇ. ಅವರದೂ ಆಗ ಸೀಸದ ಗಾಜು. ಸೀಸವಿಲ್ಲದ ತೆಳು ಗಾಜು, ಬಟ್ಟಲಿನೊಳಗೆ ಚಿನ್ನದ ಬಣ್ಣ, ಹೊರಗೆ ಬಿಳಿ ಹೂಗಳು: ಮೂರೂ ಒಟ್ಟಿಗೆ ಬೆರಳು ತೋರುವುದು ಈಗಿನ ಚೆಕ್ ಗಣರಾಜ್ಯದಲ್ಲಿರುವ ಬೊಹೀಮಿಯಾದ ಕಡೆಗೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ. ಯಾವ ಕಾರ್ಖಾನೆ, ಯಾವ ವರ್ಷ ಎಂದು ವರದಿಯಲ್ಲಿ ಬರೆಯಲಿಲ್ಲ. ಮುದ್ರೆಯಿಲ್ಲದ ಗಾಜಿಗೆ ತಯಾರಕನ ಹೆಸರು ಕಟ್ಟುವುದು ಮಾರುವವರ ಚಟ, ದುರಸ್ತಿ ಮಾಡುವವರಿಗೆ ಅದು ಅಂಟಬಾರದು.

ಈಗ ಕಲೆಗಳಿಗೆ ಬರುತ್ತೇನೆ. ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ.

ದೂರದಿಂದ ನೋಡಿದರೆ ಪಾತ್ರೆ ‘ಅಲ್ಲಲ್ಲಿ ಕಪ್ಪಾಗಿದೆ’. ಭೂತಗನ್ನಡಿ ಹಿಡಿದು ನೋಡಿದರೆ ಕಲೆಗಳು ಎರಡು, ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಪಾದದಲ್ಲಿ, ತೂತಿನ ಸುತ್ತ ಉಂಗುರದಂತೆ ಇತ್ತು. ತೂತಿನ ಅಂಚಿನಲ್ಲಿ ಕಾಡಿಗೆಗಪ್ಪು, ಹೊರಕ್ಕೆ ಹೋದಂತೆ ನೀಲಿ, ಆಮೇಲೆ ನೇರಳೆ, ಆಮೇಲೆ ಜೇನುಬಣ್ಣ, ಕೊನೆಗೆ ಶುದ್ಧ ಬೆಳ್ಳಿ. ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವ ಬಣ್ಣಗಳೇ ಇವು. ಬೆಳ್ಳಿಯ ಮೇಲೆ ಗಂಧಕದ ಪೊರೆ ದಪ್ಪವಾಗುತ್ತಾ ಹೋದಂತೆ ಜೇನುಬಣ್ಣದಿಂದ ಕಪ್ಪಿನವರೆಗೆ ಈ ಮೆಟ್ಟಿಲುಗಳನ್ನು ಹತ್ತುತ್ತದೆ. ಬೆಳ್ಳಿ ಇಲ್ಲಿ ಉದುರಿರಲಿಲ್ಲ, ಬಣ್ಣ ಬದಲಿಸಿತ್ತು. ಗಂಧಕದ ಮೂಲ ತೂತಿನಲ್ಲೇ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಎರಡನೆಯದು ಪಾದದಿಂದ ಬಲುದೂರ, ಬಟ್ಟಲಿನ ಬಾಯಂಚಿನ ಕೆಳಗೆ. ಒಂದು ಬದಿಯಲ್ಲಿ ಎರಡು ಸೆಂಟಿಮೀಟರ್ ಅಗಲ, ಸುತ್ತು ಬರುತ್ತಾ ಸಪೂರವಾಗಿ ಎದುರು ಬದಿಯಲ್ಲಿ ಇಲ್ಲವೇ ಇಲ್ಲ. ಬಿದಿಗೆಯ ಚಂದ್ರನ ಆಕಾರ. ಇಲ್ಲಿ ಬಣ್ಣಗಳ ಮೆಟ್ಟಿಲು ಇರಲಿಲ್ಲ. ಬೆಳ್ಳಿ ಚಕ್ಕೆಯೆದ್ದು ಕಳಚಿ, ಬರಿಯ ಗಾಜು ಮಸುಕಾಗಿ ಕಾಣುತ್ತಿತ್ತು, ಒಳಗೋಡೆಯ ಬೆನ್ನು ಅದರ ಹಿಂದೆ ಕಪ್ಪು ನೆರಳಿನಂತಿತ್ತು. ಚಂದ್ರನ ಒಳ ಅಂಚು ಮಾತ್ರ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಪ್ರಕೃತಿಯಲ್ಲಿ ಇಷ್ಟು ನೇರವಾದ ಗೆರೆ ಎಳೆಯುವುದು ನಿಂತ ನೀರಿನ ಮಟ್ಟ. ಆದರೆ ಪಾತ್ರೆ ನೆಟ್ಟಗೆ ನಿಂತಿದ್ದರೆ ನೀರು ಪಾದಕ್ಕೆ, ದಂಟಿಗೆ ಇಳಿಯಬೇಕಿತ್ತು. ಬಾಯಂಚಿಗೆ ಬರಬೇಕಾದರೆ ಪಾತ್ರೆ ಬೋರಲಾಗಿರಬೇಕು. ಗೆರೆ ಬಾಯಂಚಿಗೆ ಸಮನಾಗಿಲ್ಲದೆ ಓರೆಯಾಗಿದೆ ಎಂದರೆ ಬೋರಲಾಗಿದ್ದಷ್ಟೇ ಅಲ್ಲ, ಏತಕ್ಕೋ ಒರಗಿಕೊಂಡಿತ್ತು.

ದೂರವಾಣಿಯಲ್ಲಿ ಒಡತಿಯನ್ನು ಕೇಳಿದೆ: “ಇದನ್ನು ತೊಳೆದ ಮೇಲೆ ಎಲ್ಲಿ ಇಡುತ್ತೀರಿ?”

“ತಟ್ಟೆ ಒಣಗಿಸುವ ಕಂಬಿಗೆ ಒರಗಿಸಿ, ಬೋರಲು ಹಾಕುತ್ತೇನೆ. ಏಕೆ? ಬೆಚ್ಚಗಿನ ನೀರಿನಲ್ಲಿ ತುಂಬ ಜೋಪಾನವಾಗಿಯೇ ತೊಳೆಯುತ್ತೇನೆ.”

ಆ ಜೋಪಾನವೇ ಮುಳುವಾಗಿತ್ತು. ಎರಡು ಗೋಡೆಗಳ ನಡುವಿನ ಟೊಳ್ಳು ಅಂದಾಜು 100 ಮಿಲಿಲೀಟರ್. 25 ಡಿಗ್ರಿಯಲ್ಲಿದ್ದ ಪಾತ್ರೆಯನ್ನು 50 ಡಿಗ್ರಿಯ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಹಿಗ್ಗಿ ಸುಮಾರು 8 ಮಿಲಿಲೀಟರಿನಷ್ಟು ಸಡಿಲ ಬಿರಡೆಯ ಸಂದಿಯಿಂದ ಹೊರಬೀಳುತ್ತದೆ. ಸಣ್ಣ ಗುಳ್ಳೆಗಳು, ಸೋಪಿನ ನೊರೆಯಲ್ಲಿ ಯಾರಿಗೂ ಕಾಣುವುದಿಲ್ಲ. ನೀರು ಆರುತ್ತಾ ಬಂದಂತೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಹೋದಷ್ಟು ಜಾಗಕ್ಕೆ ಸುತ್ತಲಿನ ನೀರನ್ನೇ ಎಳೆದುಕೊಳ್ಳುತ್ತದೆ. ಪಾತ್ರೆ ನೀರು ಕುಡಿಯುತ್ತದೆ ಎಂದರೂ ತಪ್ಪಲ್ಲ. ತಣ್ಣೀರಿನಲ್ಲಿ ಗಡಿಬಿಡಿಯಿಂದ ತೊಳೆದಿದ್ದರೆ ಇಷ್ಟು ಹೋಗುತ್ತಿರಲಿಲ್ಲ.

ತೂಕದ ಲೆಕ್ಕವೂ ಇದಕ್ಕೆ ಹೊಂದಿತು. ಬಂದ ದಿನ ಪಾತ್ರೆ 297.4 ಗ್ರಾಂ. ಬಿರಡೆ, ಅದರ ಮೇಲಿನ ಮೇಣ ತೆಗೆದ ಮೇಲೆ 291.3. ನೀರು ಬಸಿದ ಮೇಲೆ 286.7. ಪೂರ್ತಿ ಒಣಗಿದ ಮೇಲೆ 283.9. ಅಂದರೆ ಒಳಗಿದ್ದ ನೀರು 7.4 ಗ್ರಾಂ. ಬಸಿದ ನೀರಿಗೆ ಪರೀಕ್ಷಾ ಕಾಗದ ಅದ್ದಿದಾಗ ಅದು ಕ್ಷಾರವನ್ನು ತೋರಿಸಿತು, ಪಿಎಚ್ ಹತ್ತರ ಹತ್ತಿರ. ಸೋಪಿನ ಪಾಲೂ ಇರಬಹುದು. ಆದರೆ ಮುಚ್ಚಿದ ಜಾಗದಲ್ಲಿ ನಿಂತ ನೀರು ಗಾಜಿನಿಂದಲೇ ಕ್ಷಾರವನ್ನು ಹೀರುತ್ತದೆ. ಗಾಜಿನ ಮೇಲ್ಮೈ ಸವೆದರೆ ಅದರ ಮೇಲಿನ ಬೆಳ್ಳಿಗೆ ಹಿಡಿತವೇ ಇರುವುದಿಲ್ಲ. ಆ ಬೆಳ್ಳಿಯ ದಪ್ಪವಾದರೂ ಎಷ್ಟು? ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು.

ಬಿರಡೆಯನ್ನು ಕೈಯಲ್ಲಿ ಹಿಡಿದಾಗ ಮೊದಲ ಕಲೆಯ ಗುಟ್ಟೂ ಬಯಲಾಯಿತು. ಮೂಲ ಬಿರಡೆ ಎಂದೋ ಹೋಗಿತ್ತು. ಅದರ ಜಾಗಕ್ಕೆ ಯಾರೋ ಪ್ರಯೋಗಾಲಯದ ಕಪ್ಪು ರಬ್ಬರ್ ಬಿರಡೆಯನ್ನು ಚಾಕುವಿನಿಂದ ಕೆತ್ತಿ ತುರುಕಿ, ಮೇಲೆ ಮೇಣದಬತ್ತಿ ಕರಗಿಸಿ ಹಾಕಿದ್ದರು. ರಬ್ಬರನ್ನು ಗಟ್ಟಿ ಮಾಡುವುದೇ ಗಂಧಕದಿಂದ. ಹಳೆಯದಾಗಿ ಬಿರುಕು ಬಿಟ್ಟ ರಬ್ಬರು ಆ ಗಂಧಕವನ್ನು ಆವಿಯಾಗಿ ಬಿಡುತ್ತಲೇ ಇರುತ್ತದೆ. ಬೆಳ್ಳಿಯನ್ನು ಗಾಳಿಯಿಂದ ಕಾಪಾಡಲು ಕೂರಿಸಿದ ಕಾವಲುಗಾರನೇ ವಿಷ ಹಾಕುತ್ತಿದ್ದ. ಅನುಮಾನ ಉಳಿಯಬಾರದೆಂದು ಆ ರಬ್ಬರಿನ ಚೂರನ್ನು ಉಜ್ಜಿದ ಬೆಳ್ಳಿಯ ಪಟ್ಟಿಯೊಂದಿಗೆ ಸೀಸೆಯಲ್ಲಿಟ್ಟು, ಒಂದೆರಡು ಹನಿ ನೀರು ಹಾಕಿ, 60 ಡಿಗ್ರಿ ಶಾಖದಲ್ಲಿ 28 ದಿನ ಬಿಟ್ಟೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆ ಇದು, ವಸ್ತುಸಂಗ್ರಹಾಲಯಗಳು ಕಪಾಟಿಗೆ ಬಳಸುವ ಬಟ್ಟೆ, ಅಂಟು, ಮರ ಎಲ್ಲವನ್ನೂ ಹೀಗೆ ಪರೀಕ್ಷಿಸುತ್ತವೆ. ಮೊದಲ ವಾರ ಮುಗಿಯುವಷ್ಟರಲ್ಲಿ ಪಟ್ಟಿ ಜೇನುಬಣ್ಣಕ್ಕೆ ತಿರುಗಿತ್ತು. 28ನೆಯ ದಿನ ಪಾದದ ಉಂಗುರದಷ್ಟೇ ಕಪ್ಪು.

ಉಳಿದದ್ದು ಮೂರನೆಯ ಕೋರಿಕೆ. ಹೊಸ ಕಲಾಯಿ ಹಾಕಲು ಬರುವುದಿಲ್ಲ ಎಂದಲ್ಲ. ಒಡತಿ ಬಂದ ದಿನ ಒಂದು ಸಣ್ಣ ಶೀಶೆಗೆ ಅವರ ಎದುರಿಗೇ ಮಾಡಿ ತೋರಿಸಿದೆ. ಸಿಲ್ವರ್ ನೈಟ್ರೇಟಿನ ದ್ರಾವಣಕ್ಕೆ ಹನಿ ಹನಿಯಾಗಿ ಅಮೋನಿಯಾ. ಮೊದಲ ಹನಿಗಳಿಗೆ ಚಹಾದ ಗಸಿಯಂತೆ ಕಂದಾಗುತ್ತದೆ, ಇನ್ನಷ್ಟು ಬಿಟ್ಟರೆ ತಿಳಿಯಾಗುತ್ತದೆ. ತುಸು ಕಾಸ್ಟಿಕ್ ಸೋಡಾ, ಮತ್ತೆ ಕಂದು, ಮತ್ತೆ ಅಮೋನಿಯಾ, ಮತ್ತೆ ತಿಳಿ. ಅದನ್ನು ಶೀಶೆಗೆ ಸುರಿದು ಗ್ಲೂಕೋಸ್ ಬೆರೆಸಿ, ಕೈ ಬಿಡದೆ ಆಡಿಸುತ್ತಾ ಇರಬೇಕು. ಒಂದು ನಿಮಿಷ ಶೀಶೆಯೊಳಗೆ ಕೊಚ್ಚೆಯಂತಹ ಕಪ್ಪು, ಕೆಲಸ ಕೆಟ್ಟಿತು ಎನಿಸುವಷ್ಟು. ಆಮೇಲೆ ಗೋಡೆಯ ಒಂದು ಮೂಲೆಯಲ್ಲಿ ಹೊಳಪು ಕಂಡು, ನೋಡನೋಡುತ್ತಿದ್ದಂತೆ ಸುತ್ತಲೂ ಹರಡಿ, ನಮ್ಮ ಮುಖವೇ ಶೀಶೆಯಲ್ಲಿ ಕಾಣುತ್ತದೆ. ಎಷ್ಟು ಸಲ ಮಾಡಿದರೂ ಈ ಕ್ಷಣ ನನಗೆ ಹಳತಾಗಿಲ್ಲ. ಉಳಿದ ದ್ರಾವಣವನ್ನು ಮಾತ್ರ ಆಗಲೇ ಆಮ್ಲ ಹಾಕಿ ತಟಸ್ಥಗೊಳಿಸಿಬಿಡಬೇಕು. ನಾಳೆಗೆಂದು ಎತ್ತಿಟ್ಟರೆ ಅದರಲ್ಲಿ ಮುಟ್ಟಿದರೆ ಸಿಡಿಯುವ ಗಸಿ ಕೂರುತ್ತದೆ. ಕುತೂಹಲಕ್ಕೆ ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ.

“ಇಷ್ಟು ಚೆನ್ನಾಗಿ ಬರುತ್ತದಲ್ಲ, ನನ್ನದಕ್ಕೂ ಮಾಡಿಬಿಡಿ” ಎಂದರು.

ಮಾಡಬೇಕಾದರೆ ಒಳಗಿನ ಹಳೆಯ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಚೆಲ್ಲಬೇಕು, ಎರಡು ಕಲೆಗಳ ಸಲುವಾಗಿ ಗಟ್ಟಿಯಾಗಿ ಕೂತಿರುವ ಬಹುಪಾಲನ್ನೂ ಸೇರಿಸಿ. ಆಮೇಲೆ ಇವರ ಕೈಯಲ್ಲಿ ಇರುವುದು ಹಳೆಯ ಗಾಜಿನೊಳಗೆ ನಾನು ಮೊನ್ನೆ ಕಟ್ಟಿದ ಬೆಳ್ಳಿ. ಬಾಯಂಚಿನಲ್ಲಿ ಸವೆದ ಗಾಜಿಗೆ ಹೊಸ ಬೆಳ್ಳಿಯೂ ಸರಿಯಾಗಿ ಹಿಡಿಯುವುದಿಲ್ಲ, ಮಸುಕು ಮಸುಕಾಗಿಯೇ ಉಳಿಯುತ್ತದೆ. ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಪಾತ್ರೆಯನ್ನು ತಿರುಗಿಸುತ್ತಾ ಕೂತಿದ್ದು, “ಹಾಗಾದರೆ ನೀರು ತೆಗೆದು ಕೊಡಿ, ಸಾಕು” ಎಂದರು. ಮನಸ್ಸು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಮಾಡಿದ ಕೆಲಸ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಒಳಗೆ ನೀರು ಹಾಕಿ ಜಾಲಾಡಿಸಲಿಲ್ಲ, ಸಡಿಲವಾದ ಚಕ್ಕೆಗಳೂ ಹೊರಬಂದಾವೆಂದು. ಕ್ಷಾರದ ಒಂದಿಷ್ಟು ಅಂಶ ಒಳಗೇ ಉಳಿಯಿತು, ಆ ರಾಜಿಯನ್ನು ವರದಿಯಲ್ಲಿ ಬರೆದಿದ್ದೇನೆ. ಬಿಸಿ ಗಾಳಿಯನ್ನೂ ಬಿಡಲಿಲ್ಲ. ಸಿಲಿಕಾ ಜೆಲ್ ಮೂಲಕ ಹಾಯ್ದ ಒಣಗಾಳಿಯನ್ನು ತೂತಿನೊಳಗೆ ಸಪೂರ ಕೊಳವೆಯಿಂದ ನಿಧಾನವಾಗಿ ಹಾಯಿಸಿದೆ, ತೂಕ ಇಳಿಯುವುದು ನಿಲ್ಲುವವರೆಗೆ, ಮೂರು ವಾರ. ಹೊಸ ಬಿರಡೆಗೆ ತೂತಿನ ಅಳತೆಗೆ ಕತ್ತರಿಸಿದ ಪಾಲಿಥಿಲೀನ್ ಫೋಮಿನ ತುಂಡು, ಅದರ ಮೇಲೆ ತೆಳು ಗಾಜಿನ ಬಿಲ್ಲೆ, ಸುತ್ತ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟು. ಮುಂದೆ ಯಾರಿಗಾದರೂ ನನ್ನ ಕೆಲಸ ಸರಿಯಿಲ್ಲ ಎನಿಸಿದರೆ ಅಸಿಟೋನ್ ತಾಗಿಸಿದರೆ ಬಿಚ್ಚಿಕೊಳ್ಳುತ್ತದೆ. ಉಳಿದಿದ್ದ ಬಿಳಿ ಹೂಗಳನ್ನು ಮುಟ್ಟಲಿಲ್ಲ. ಜೊತೆಗೆ ಒಂದು ಚೀಟಿ: ನೀರಿನಲ್ಲಿ ಮುಳುಗಿಸಬೇಡಿ, ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೋರಲು ಇಡಬೇಡಿ, ಕಪಾಟಿನಲ್ಲಿ ರಬ್ಬರಿನ ಹಾಸು ಇದ್ದರೆ ತೆಗೆಯಿರಿ.

ಜೋಡಿ ಗೋಡೆ, ಒಳಗೆ ಬೆಳ್ಳಿ ಎಂಬ ಇದೇ ರಚನೆಯ ನಡುವಿನ ಗಾಳಿಯನ್ನು ಹೀರಿ ತೆಗೆದು ಜೇಮ್ಸ್ ಡಿವಾರ್ 1892ರಲ್ಲಿ ತನ್ನ ನಿರ್ವಾತ ಶೀಶೆಯನ್ನು ಮಾಡಿದ. ಅದೇ ಮುಂದೆ ಮನೆ ಮನೆಯ ಥರ್ಮಾಸ್ ಫ್ಲಾಸ್ಕ್ ಆಯಿತು. ಅಲ್ಲಿಯೂ ತೂತು ಮುಚ್ಚುವ ಕಡೆಯೇ ಸೂಕ್ಷ್ಮ, ಆದರೆ ಡಿವಾರನ ಶೀಶೆಯಲ್ಲಿ ಅದನ್ನು ಗಾಜನ್ನೇ ಕರಗಿಸಿ ಮುಚ್ಚುತ್ತಾರೆ. ಬೊಹೀಮಿಯಾದ ಪಾತ್ರೆ ಮಾಡಿದವರಿಗೆ ಅಷ್ಟು ಪುರುಸೊತ್ತು ಇರಲಿಲ್ಲ, ಅವರ ಗ್ರಾಹಕರು ಅಷ್ಟು ಹಣ ಕೊಡುವವರೂ ಅಲ್ಲ.

ಹೊಸ ಬಿರಡೆ ಸೇರಿ ಪಾತ್ರೆ ನನ್ನಿಂದ ಹೊರಟ ದಿನ 285.2 ಗ್ರಾಂ ಇತ್ತು. ಆರು ತಿಂಗಳ ಬಳಿಕ ತಪಾಸಣೆಗೆ ತರಿಸಿಕೊಂಡಾಗ ಅದೇ ತಕ್ಕಡಿಯಲ್ಲಿ 285.2. ಪಾದದ ಉಂಗುರದ ಹೊರ ಅಂಚನ್ನು ಹಿಂದಿನ ಛಾಯಾಚಿತ್ರದೊಂದಿಗೆ ಹೋಲಿಸಿದೆ, ಜೇನುಬಣ್ಣ ಇದ್ದಲ್ಲಿಯೇ ಇದೆ. ಬಾಯಂಚಿನ ಚಂದ್ರನ ಒಳಗೆ ಮಾತ್ರ ಸಾಸಿವೆ ಕಾಳಿನಷ್ಟು ಇನ್ನೊಂದು ಚಕ್ಕೆ ಬಿಟ್ಟುಕೊಂಡು, ಎರಡು ಗೋಡೆಗಳ ನಡುವೆ ಬಿದ್ದಿತ್ತು. ಪಾತ್ರೆಯನ್ನು ವಾಲಿಸಿದರೆ ಅದು ಹೊಳೆಯುತ್ತಾ ಆ ಕಡೆಯಿಂದ ಈ ಕಡೆಗೆ ಜಾರುತ್ತದೆ. ಮುಂದಿನ ತಪಾಸಣೆಯನ್ನು ವರ್ಷದ ಬದಲು ಮತ್ತೆ ಆರು ತಿಂಗಳಿಗೇ ಇಟ್ಟುಕೊಂಡಿದ್ದೇನೆ.